ಅವಳು ನಿಂತ ಜಾಗಕ್ಕೆ ನೀರು

“ಗುಜರಿಗೆ ಹಾಕಿ ಮೇಡಂ! ಇದನ್ನ ಇಂಜಿನ್ ಅಂತಾರಾ? ತುಕ್ಕಿನ ಮುದ್ದೆ!”

ತಾವರೆಕೆರೆ ಹೈವೇ ಪಕ್ಕದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನಾಗಭೂಷಣ್ ಹೀಗೆ ಕೂಗಿದಾಗ ಯಶೋಧರಾಳ ಮೈಯೆಲ್ಲಾ ಉರಿದುಹೋಯಿತು. ಹಳೇ ಮಿನಿ ಬಸ್ಸನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದಳು ಅವಳು.

“ಬಾಯಿಗೆ ಬಂದಂಗೆ ಮಾತಾಡ್ಬೇಡಿ. ಇದು ನಮ್ಮನೆ!”

“ಮನೆನಾ?”

ಅವನು ನಕ್ಕು ಬಾಗಿಲು ತೆರೆದ. ನಗು ಅಲ್ಲೇ ನಿಂತಿತು... ಒಳಗೆ ಮಂಚ, ಸ್ಟವ್, ಪಾತ್ರೆಯ ಗೂಡು, ಗೋಡೆಗೆ ಬುದ್ಧನ ಪಟ. ನಿಜಕ್ಕೂ ಮನೆ!

ಅದನ್ನು ಕಟ್ಟಿದ್ದು ಅವಳ ಅಪ್ಪ ಭೀಮರಾಜು. ಆರೋಗ್ಯ ಇಲಾಖೆಯ ನೌಕರ, ಊರೂರಿಗೆ ವರ್ಗ. ಹೋದಲ್ಲೆಲ್ಲ ಬಾಡಿಗೆ ಮನೆ ಖಾಲಿ ಇರುತ್ತಿತ್ತು. ‘ನೀವು ಯಾವ ಜನ?’ ಎಂದು ಕೇಳಿ ಉತ್ತರ ಸಿಕ್ಕಿದ ಮೇಲೆ ಮಾತ್ರ ಖಾಲಿ ಇರುತ್ತಿರಲಿಲ್ಲ! ಇಂಜೆಕ್ಷನ್ನಿಗೆ ಅವನ ಮುಂದೆ ತೋಳು ಚಾಚಿದ ಜನವೇ ಅವನಿಗೆ ಬಾಗಿಲು ಹಾಕಿದರು. ಥೂ! ಕೊನೆಗೆ ಅವನು ಹಳೇ ಮಿನಿ ಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮನೆ ಮಾಡಿಕೊಂಡ. ಅವರ ಊರಿನಲ್ಲೇ ತನ್ನ ಮನೆ ನಿಲ್ಲಿಸಿದ.

ಅಪ್ಪ ಸತ್ತ ಮೇಲೆ ಗಾಡಿ ಹುಣಸೆಮರದ ಕೆಳಗೆ ನಿಂತೇ ಕೊಳೆಯಿತು. ಈಗ ಯಶೋಧರಾಳಿಗೆ ಪಾವಗಡದ ಕಡೆಯ ಹಳ್ಳಿಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಮನೆ ಹುಡುಕಲು ಹೋದಳು. ಅದೇ ಪ್ರಶ್ನೆ. ಅದೇ ಬಾಗಿಲು.

“ಸ್ಕೂಲ್ ಶುರುವಾಗೋದ್ರೊಳಗೆ ಇದು ಓಡ್ಬೇಕು. ಇಲ್ಲಾಂದ್ರೆ ನಂಗೆ ಅಲ್ಲಿ ತಲೆ ಮೇಲೆ ಸೂರಿಲ್ಲ.”

ನಾಗಭೂಷಣ್ ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡ.

“ಬಾಗ್ಲು ಹಾಕಿ ಮೇಡಂ. ಮನೆಯೊಳಕ್ಕೆ ಧೂಳು ಹೋಗ್ತದೆ.”

ಮನೆ ಅಂದ! ಅವಳು ಬಾಗಿಲನ್ನು ಮೆಲ್ಲಗೆ ಎಳೆದು ಹಾಕಿದಳು.

ಇಂಜಿನ್ ಕೆಳಗಿಳಿಯಿತು. ನೀರು ಇಳಿದು ಪಿಸ್ಟನ್‌ಗಳು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿದ್ದವು. ಡೀಸೆಲ್ ಸುರಿದು, ಮರದ ತುಂಡಿಟ್ಟು ಬಡಿದು ಬಡಿದು ಅವನು ಒಂದೊಂದನ್ನೇ ಬಿಡಿಸಿದ. ಅವುಗಳ ಜಾಗಕ್ಕೆ ಹೊಸ ಪಿಸ್ಟನ್ ತರಿಸಿದ. ಕ್ರ್ಯಾಂಕ್ ಶಾಫ್ಟ್ ಶಿರಾದ ಲೇತ್ ಅಂಗಡಿಗೆ ಹೋಗಿ ಕನ್ನಡಿಯಂತೆ ಹೊಳೆಯುತ್ತಾ ಬಂತು. ದಿನಾ ಸಂಜೆ ಅವಳು ನೋಡಲು ಬರುತ್ತಿದ್ದಳು. ಇಂಜಿನ್ನನ್ನೇ ನೋಡಲು... ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

“ಟೀಚರಮ್ಮಾ, ಎಂಟ್ನೇ ಕ್ಲಾಸಲ್ಲಿ ಮೇಷ್ಟ್ರು ನನ್ನ ಬೆಂಚ್ ಮೇಲೆ ನಿಲ್ಸಿದ್ರು. ಇಳಿದವನು ಸೀದಾ ಗ್ಯಾರೇಜಿಗೆ ಬಂದ್ಬುಟ್ಟೆ.”

“ನಾನಾಗಿದ್ರೆ ಬೆಂಚಿಗೇ ಕಟ್ಟಿಹಾಕ್ತಿದ್ದೆ.”

“ನೀವು ಕಟ್ಟಿಹಾಕಿದ್ರೆ ಯಾವನು ಓಡೋಗ್ತಾನೆ ಬುಡಿ!”

ಅವಳು ನಕ್ಕಳು. ಅಪ್ಪ ಹೋದ ಮೇಲೆ ಮೊದಲ ಸಲ ಬಾಯಿ ತುಂಬಾ ನಕ್ಕಳು. ಅವನು ಬಗ್ಗಿದಾಗ ಅಂಗಿಯೊಳಗಿಂದ ಲಿಂಗದ ಕರಡಿಗೆ ಜೋತಾಡಿತು. ನಗು ಒಣಗಿತು. ಇವನು ಯಾರ ಮನೆಯವನು, ನಾನು ಯಾರ ಮನೆಯವಳು... ಬೇಡ ಮನಸೇ, ಬೇಡ!

ಆದರೂ ಕ್ರ್ಯಾಂಕ್ ಕೂರಿಸುವ ದಿನ ಅವಳು ಗಾಡಿಯೊಳಗಿನ ಅಪ್ಪನ ಸ್ಟವ್ ಹಚ್ಚಿದಳು. ಯಾರಿಗೂ ತಾನಾಗಿ ಒಂದು ಲೋಟ ನೀರನ್ನೂ ಕೊಟ್ಟವಳಲ್ಲ ಅವಳು. ಬೇಡ ಅನ್ನಿಸಿಕೊಳ್ಳುವ ನೋವು ಗೊತ್ತಿತ್ತು. ಅವತ್ತು ಮಾತ್ರ ಟೀ ಕಾಸಿ, ಲೋಟ ಹಿಡಿದು ಅವನು ಇಂಜಿನ್ ಕಟ್ಟುತ್ತಿದ್ದ ಶೆಡ್ಡಿನೊಳಗೆ ಕಾಲಿಟ್ಟಳು.

“ತಗೊಳ್ಳಿ...”

ಅವನು ಬೆಚ್ಚಿಬಿದ್ದು ಕೈ ಹಿಂದಕ್ಕೆ ಎಳೆದುಕೊಂಡ!

“ಆಚೆ! ಆಚೆ ನಡೀರಿ ಮೇಡಂ!”

ಅವಳು ಹಿಂದೆ ಸರಿದಳು. ಅವನು ಚೊಂಬು ಎತ್ತಿಕೊಂಡು, ಅವಳು ನಿಂತಿದ್ದ ಜಾಗಕ್ಕೆ ನೀರು ಚಿಮುಕಿಸಿದ.

ಲೋಟವನ್ನು ಮಣ್ಣಿನಲ್ಲಿಟ್ಟು ಯಶೋಧರಾ ರಸ್ತೆಗೆ ನಡೆದಳು. ಕಣ್ಣೀರೂ ಬರಲಿಲ್ಲ. ಅವಳ ಅಜ್ಜಿ ಕೂತೆದ್ದ ಜಗುಲಿಗೆ ಹೀಗೇ ನೀರು ಬೀಳುತ್ತಿತ್ತಂತೆ. ಅಪ್ಪ ನಿಂತ ಪಡಸಾಲೆಗೂ ಬಿದ್ದಿತ್ತು. ಈಗ ಅವಳ ಸರದಿ!

ಅವನ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು. ನಂಬರನ್ನೇ ಬ್ಲಾಕ್ ಮಾಡಿದಳು. ಅನ್ನ ಸೇರಲಿಲ್ಲ. ಅವನು ಕೆಟ್ಟವನಾಗಿದ್ದು ದುಃಖವಲ್ಲ, ಅವನನ್ನು ಇನ್ನೂ ಇಷ್ಟಪಡುತ್ತಿರುವುದು ದುಃಖ...

ವಾರ ಕಳೆದು ಅವಳು ಟ್ರ್ಯಾಕ್ಟರ್ ತಂದಳು. ಇಂಜಿನ್ ಹೇಗಿದ್ದರೂ ಸರಿ, ಹಾಕಿಕೊಂಡು ಹೋಗುವುದೇ!

ಶೆಡ್ಡಿನ ಹೊರಗೆ ಬಿಸಿಲಲ್ಲಿ ಹೆಂಗಸೊಬ್ಬಳು ಊಟದ ಕ್ಯಾರಿಯರ್ ಹಿಡಿದು ನಿಂತಿದ್ದಳು. ಹಣೆ ತುಂಬಾ ವಿಭೂತಿ. ನಾಗಭೂಷಣನ ತಾಯಿ ದಾಕ್ಷಾಯಣಮ್ಮ.

“ಒಳೀಕೋಗ್ಬ್ಯಾಡ ಕಣಮ್ಮ! ಹೆತ್ತೋಳ್ನೇ ಆಚಿಗಟ್ಟವ್ನೆ. ಇವತ್ತು ಇಂಜಿನ್ ಮುಚ್ಚೋಗಂಟ ಅವ್ನಿಗೆ ಊಟನೂ ಇಲ್ಲ, ನೀರೂ ಇಲ್ಲ.”

“ಯಾಕೆ?”

“ಧೂಳಂತೆ! ಒಂದು ಕಾಳು ಮಣ್ಣು ಬಿದ್ರೂ ಬೇರಿಂಗ್ ತಿಂದಾಕ್ತದಂತೆ. ನಾ ಒಂದೆಜ್ಜೆ ಒಳಗಿಟ್ಟಿದ್ದಕ್ಕೆ ನೀರೆರಚಿದ ನೋಡು, ಮುಂಡೇಗಂಡ!”

ಯಶೋಧರಾ ಬಗ್ಗಿ ನೋಡಿದಳು. ನೆಲದ ತುಂಬಾ ಒದ್ದೆ ಗೋಣಿಚೀಲ. ಕಿಟಕಿಗೆ ಒದ್ದೆ ಪಂಚೆ. ಬಾಗಿಲ ಬಳಿ ತಾಯಿಯ ಹೆಜ್ಜೆಗುರುತಿನ ಮೇಲೆ ಇನ್ನೂ ಆರದ ನೀರು...

ಅವಳು ಟ್ರ್ಯಾಕ್ಟರಿನವನಿಗೆ ನಿಲ್ಲು ಎಂದು ಕೈ ತೋರಿಸಿದಳು.

ಕೊನೆಯ ಬೋಲ್ಟ್ ಬಿಗಿದು ನಾಗಭೂಷಣ್ ಹೊರಗೆ ಬಂದ. ಕಣ್ಣು ಕೆಂಪಗಿತ್ತು.

“ಫೋನ್ ಯಾಕೆ ಎತ್ತಲಿಲ್ಲ? ಏನು ತಪ್ಪು ಮಾಡ್ದೆ ನಾನು?”

“ನಾನು ನಿಂತ ಜಾಗಕ್ಕೆ ನೀರು ಹಾಕಿದ್ರಿ.”

“ಧೂಳು ಏಳಬಾರ್ದು ಅಂತ...” ಅವನ ಮಾತು ಅರ್ಧಕ್ಕೇ ನಿಂತಿತು. ಅರ್ಥವಾಗಿ ಮುಖ ಬಿಳುಚಿತು. “ಅಯ್ಯೋ... ನನ್ನ ಅಂಥೋನು ಅಂದ್ಕಂಡ್ರಾ?”

“ಇನ್ನೇನು ಅಂದ್ಕೊಳ್ಳಲಿ? ನಮ್ಮ ಹಿಂದೆ ಯಾರೂ ಧೂಳಿಗೆ ನೀರು ಹಾಕಿಲ್ಲ ಭೂಷಣ್! ನಮಗೇ ಹಾಕಿರೋದು!”

ಅವನು ಜಗಳಕ್ಕೆ ಬರಲಿಲ್ಲ. ಶೆಡ್ಡಿನ ಬಾಗಿಲಿಗೆ ತಲೆಯನ್ನೊಮ್ಮೆ ಜೋರಾಗಿ ಚಚ್ಚಿಕೊಂಡ. “ನಂಗೆ ಹೊಳೀಲೇ ಇಲ್ಲ. ಹೊಳೀಬೇಕಿತ್ತು. ನಮ್ಮ ಜನ ಮಾಡಿರೋದು ನಂಗೆ ಗೊತ್ತಿರ್ಬೇಕಿತ್ತು...”

ದಾಕ್ಷಾಯಣಮ್ಮ ಯಶೋಧರಾಳನ್ನು ಈಗ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮೆಲ್ಲಗೆ ಎರಡು ಹೆಜ್ಜೆ ದೂರ ಸರಿದಳು. ಅದು ಧೂಳಿಗಲ್ಲ.

ಟ್ರ್ಯಾಕ್ಟರ್ ಖಾಲಿಯಾಗಿ ಹೋಯಿತು.

ಇಂಜಿನ್ ಗಾಡಿಗೆ ಕೂತ ದಿನ ದಾಕ್ಷಾಯಣಮ್ಮ ಕರೆಯದೆ ಬಂದಳು. ನಾಗಭೂಷಣ್ ಕೀ ತಿರುಗಿಸಿದ. ಕೆಮ್ಮಿತು... ಕಪ್ಪು ಹೊಗೆ ಉಗುಳಿತು... ನಡುಗಿತು... ಆಮೇಲೆ ಒಂದೇ ಸಮ ಮಿಡಿಯತೊಡಗಿತು! ಯಶೋಧರಾ ಬುದ್ಧನ ಪಟಕ್ಕೆ ಹಣೆ ಒತ್ತಿ ಬಿಕ್ಕಿದಳು. ಅಪ್ಪಾ...

“ಇಂಜಿನ್ ಹದಕ್ಕೆ ಬರೋಗಂಟ ನಾನೇ ಓಡಿಸ್ತೀನಿ,” ಅಂದ ಅವನು, ತಾಯಿಯ ಕಡೆ ತಿರುಗಿ. “ಪಾವಗಡದ ಕಡೆ ನಾನೂ ಹೋಗ್ತಾ ಇವ್ನಿ ಅವ್ವ. ಅಲ್ಲೇ ಒಂದು ಶೆಡ್ ಹಾಕ್ತೀನಿ.”

“ಲೇ, ಆ ಗಾಡಿ ಹತ್ತಿದ್ಯೋ, ನಮ್ಮನೆ ಹೊಸ್ಲು ಮೆಟ್ಟಂಗಿಲ್ಲ ನೀನು!”

“ಸರಿ ಅವ್ವ.”

ಅಷ್ಟೇ. ತಾಯಿ ಸೆರಗು ಬಾಯಿಗೊತ್ತಿಕೊಂಡು ಹೋದಳು. ತಿರುಗಿಯೂ ನೋಡಲಿಲ್ಲ. ಅವನು ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಗೇರ್ ಹಾಕಿದ.

ಗಾಡಿ ಮಧುಗಿರಿ ದಾಟಿತು. ಏಕಶಿಲಾ ಬೆಟ್ಟ ಹಿಂದೆ ಸರಿಯಿತು. ಬಸ್ಸು, ಬೈಕು, ಕೊನೆಗೆ ಒಂದು ಲಗೇಜ್ ಆಟೋ ಕೂಡ ಅವರನ್ನು ಹಿಂದೆ ಹಾಕಿತು.

“ಇಷ್ಟು ನಿಧಾನನಾ?” ಅವಳೇ ಕೇಳಿದಳು.

“ಹೊಸ ಪಿಸ್ಟನ್. ಹಳೇ ಇಂಜಿನ್. ಒಂದಕ್ಕೊಂದು ಹೊಂದ್ಕೋಬೇಕು. ಈಗ ಜೋರಾಗಿ ಓಡಿಸಿದ್ರೆ ಬಿಸಿಯಾಗಿ ಹಿಡ್ಕಂಬುಡ್ತದೆ.”

“ಹೊಂದ್ಕೊಳ್ಳುತ್ತಾ?”

ಅವನು ಕಣ್ಣೊರೆಸಿಕೊಂಡ.

“ನಂಗೆ ನೀವಂದ್ರೆ ಪ್ರಾಣ ಯಶೋಧರಾ. ಮನೆ ಇಲ್ಲ, ಓದಿಲ್ಲ, ಇವತ್ತಿಂದ ಅವ್ವನೂ ಇಲ್ಲ. ಇಷ್ಟೇ ನಾನು.”

ಅವಳು ಎಣ್ಣೆಯ ಕಪ್ಪು ಹತ್ತಿದ ಅವನ ಕೈ ಮೇಲೆ ಕೈಯಿಟ್ಟಳು.

“ಅಲ್ಲೂ ಜನ ಬಿಡಲ್ಲ. ಇಬ್ಬರನ್ನೂ ಕೇಳ್ತಾರೆ, ಯಾವ ಜನ ಅಂತ.”

“ಕೇಳ್ಲಿ.”

“ಏನಂತೀರಾ?”

“ಇವಳ ಜನ, ಅಂತೀನಿ.”