ಗೂಡಿನ ಲೋಟ

“ನೀವು ಜಾತಿ ನಂಬ್ತೀರೇನ್ರಿ?”

ಅವನು ಇಷ್ಟು ನೇರವಾಗಿ ಕೇಳುತ್ತಾನೆಂದು ವಾಣಿಶ್ರೀ ಅಂದುಕೊಂಡಿರಲಿಲ್ಲ. ದಾವಣಗೆರೆಯ ಆ ಕಾಲೇಜಿನ ಖಾಲಿ ತರಗತಿಯಲ್ಲಿ ಅವರಿಬ್ಬರೇ ಇದ್ದರು. ಅವನ ಕಣ್ಣಿಗೆ ಕಣ್ಣು ಕೊಡುವುದೇ ಕಷ್ಟವಾಗಿತ್ತು.

“ಇಲ್ಲಪ್ಪ. ಒಂಚೂರೂ ಇಲ್ಲ.”

“ಭಾಳ ಬೇಗ ಹೇಳಿದ್ರಿ,” ಎಂದು ಅಂಜನ್ ನಕ್ಕ.

ಅವನು ತತ್ವಶಾಸ್ತ್ರದ ಹೊಸ ಉಪನ್ಯಾಸಕ. ಇವಳು ಅಲ್ಲೇ ಇಂಗ್ಲಿಷ್ ಪಾಠ ಹೇಳುವವಳು. ಅವನ ಸಂಶೋಧನೆಗಾಗಿ ಸಹೋದ್ಯೋಗಿಗಳೆಲ್ಲ ಒಬ್ಬೊಬ್ಬರಾಗಿ ಬಂದು ಉತ್ತರ ಕೊಡುತ್ತಿದ್ದರು.

“ಬಾಯಿ ಹೇಳೋದು ನಮ್ಮ ನಂಬಿಕೆನೋ, ನಮಗೆ ಗ್ಯಾನ ಇಲ್ದಾಗ ಕೈ ಮಾಡೋದು ನಂಬಿಕೆನೋ? ನಾನು ಹುಡುಕ್ತಿರೋದು ಅದನ್ನ,” ಎಂದ.

“ನನ್ನಲ್ಲಿ ಎರಡೂ ಒಂದೇ ಐತೆ ಬಿಡ್ರಿ.”

ಎಷ್ಟು ಜಂಬ! ಆದರೆ ಅವಳು ಸುಳ್ಳು ಹೇಳಿರಲಿಲ್ಲ. ಮನಸ್ಸಾರೆ ನಂಬಿ ಹೇಳಿದ್ದಳು. ತೊಂದರೆ ಇದ್ದದ್ದೇ ಅಲ್ಲಿ.

ಅಂಜನ್ ತನ್ನದನ್ನು ಮುಚ್ಚಿಡಲಿಲ್ಲ. ಹರಿಹರದ ಕೇರಿಯಲ್ಲಿ ಮನೆ, ಮನೆಯಲ್ಲಿ ಅವ್ವ ಮಾತ್ರ. ಹಿಂದೆ ಅಪ್ಪ-ಅವ್ವ ಇಬ್ಬರೂ ಸಾಹುಕಾರರ ಮನೆಗಳಲ್ಲಿ ಆಳಾಗಿ ದುಡಿದವರು. ಅದನ್ನೆಲ್ಲ ಅವನು ಹೇಳುವ ರೀತಿಯೇ ಅವಳಿಗೆ ಹಿಡಿಸಿತು. ಆಮೇಲೆ ಸಂಜೆಗಳು ಖಾರ ಮಂಡಕ್ಕಿ, ಮಿರ್ಚಿ, ಮುಗಿಯದ ಮಾತುಗಳಲ್ಲಿ ಕಳೆದವು. ಪ್ರಜ್ಞೆ ಅಂದರೇನು ಎಂದು ಅವನು ವಿವರಿಸುತ್ತಿದ್ದರೆ ಇವಳು ಅವನ ಹುಬ್ಬನ್ನೇ ನೋಡುತ್ತಿದ್ದಳು. ಇದಕ್ಕೆ ಏನನ್ನಬೇಕೋ ಓದುವ ನಿಮಗೆ ಗೊತ್ತು.

“ಭಾನುವಾರ ಮನೆಗೆ ಬರ್ರಿ. ಅಪ್ಪಾಜಿಗೆ ಪರಿಚಯ ಮಾಡಿಸ್ತೀನಿ,” ಎಂದು ಅವಳೇ ಕರೆದಳು.

ನಿಟ್ಟುವಳ್ಳಿ ಬಡಾವಣೆಯ ಅವಳ ಮನೆಗೆ ಅವನು ಹೇಳಿದ್ದಕ್ಕಿಂತ ಬೇಗ ಬಂದ. ಅಪ್ಪಾಜಿ ನಾಗರಾಜಪ್ಪ ಅಂಗಡಿಯಿಂದ, ಅಮ್ಮ ಗುಡಿಯಿಂದ ಇನ್ನೇನು ಬರುವವರಿದ್ದರು. ಬೆಳಿಗ್ಗೆಯೇ ಅವಳು ಶೋಕೇಸಿನ ಹೊಸ ಗಾಜಿನ ಲೋಟಗಳನ್ನು ತೊಳೆದು, ಒರೆಸಿ, ಅವನಿಗಾಗಿ ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು.

“ಬಿಸಿಲು ಭಾಳ ಐತೆ. ಒಂಚೂರು ನೀರು ಕೊಡ್ತೀರಾ?”

ಅವಳು ಒಳಗೋಡಿದಳು. ಅಪ್ಪಾಜಿ ಬಂದರೆ ಮೊದಲು ಏನು ಹೇಳಲಿ, ಹೆಂಗೆ ಶುರು ಮಾಡಲಿ... ತಲೆಯ ತುಂಬ ಅದೇ. ಕೈ ತನ್ನಷ್ಟಕ್ಕೆ ನೀರು ತುಂಬಿಕೊಂಡು ಬಂತು.

ಅಂಜನ್ ಕುಡಿದ. ಲೋಟ ಇಡುವಾಗ ಒಮ್ಮೆ ತಿರುಗಿಸಿ ತಳ ನೋಡಿದ.

ಆಗ ಅವಳೂ ನೋಡಿದಳು.

ಅದು ಹಿತ್ತಲ ಬಾಗಿಲ ಗೂಡಿನಲ್ಲಿದ್ದ ಸ್ಟೀಲ್ ಲೋಟ. ಆಳುಗಳಿಗೆಂದೇ ಬೇರೆ ಇಟ್ಟದ್ದು. ಒಳಗಿನ ಪಾತ್ರೆಗಳ ಜೊತೆ ಬೆರೆಯದಿರಲಿ ಎಂದು ಅಜ್ಜಿ ಮೊಳೆಯಿಂದ ತಳದಲ್ಲಿ ಗೀಟು ಕೊರೆದಿದ್ದಳು. ಗಾಜಿನ ಲೋಟಗಳು ತಟ್ಟೆಯಲ್ಲಿ ಹಾಗೇ ಇದ್ದವು.

ಯಾರ ಮೇಲೆ ತಪ್ಪು ಹೊರಿಸಲಿ? ಮನೆಯಲ್ಲಿ ಅವಳನ್ನು ಬಿಟ್ಟು ಯಾರೂ ಇರಲಿಲ್ಲ.

ಕ್ಷಮಿಸಿ ಎನ್ನಬೇಕಿತ್ತು. ಬಾಯಿಂದ ಬಂದದ್ದೇ ಬೇರೆ.

“ಇದೂ ನಿಮ್ಮ ಸಂಶೋಧನೆನಾ? ನನ್ನನ್ನ ಪರೀಕ್ಷೆ ಮಾಡಾಕ ಬಂದ್ರೇನು?”

ಅಂಜನ್ ಎದ್ದು ನಿಂತ.

“ನನಗ ಬಾಯಾರಿತ್ತು, ವಾಣಿ. ಅಷ್ಟೇ.”

ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ಅಂದಿನಿಂದ ಕಾಲೇಜಿನಲ್ಲಿ ಎದುರಾದರೆ “ನಮಸ್ಕಾರ ಮೇಡಂ” ಎನ್ನುತ್ತಿದ್ದ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ತನ್ನ ಕೈಯನ್ನು ತಾನೇ ನೋಡಲು ಅವಳಿಗೆ ನಾಚಿಕೆಯಾಗುತ್ತಿತ್ತು. ಲೋಟ ಕೊಟ್ಟದ್ದು ಗೊತ್ತಿಲ್ಲದೆ... ಆದರೆ ಆ ಮಾತು? ಅದನ್ನು ಗೊತ್ತಿದ್ದೇ ಆಡಿದೆನಲ್ಲ!

ಒಂದು ದಿನ ಊಟಕ್ಕೆ ಕೂತಾಗ ಗೂಡಿನ ಲೋಟವನ್ನು ತಂದು ತನ್ನ ತಟ್ಟೆಯ ಪಕ್ಕ ಇಟ್ಟುಕೊಂಡಳು. ಅಂಜನ್ ಯಾರು, ಅವನು ತನಗೇನು ಎಂಬುದನ್ನೂ ಅಲ್ಲೇ ಹೇಳಿದಳು. ಅಪ್ಪಾಜಿ ಊಟ ಬಿಟ್ಟು ಎದ್ದರು. ಮರುದಿನವೂ ಮಾತಾಡಲಿಲ್ಲ.

ಅವಳು ಹರಿಹರದ ಬಸ್ಸು ಹತ್ತಿದಳು.

ಬಾಗಿಲಲ್ಲಿ ಅವನ ಅವ್ವ ರಂಗವ್ವ ಇದ್ದಳು. ಮಗನ ಕಾಲೇಜಿನವಳು ಎಂದು ತಿಳಿಯುತ್ತಲೇ ಕುರ್ಚಿ ಒರೆಸಿದಳು. “ಕೂಡ್ರಿ ಮೇಡಮ್ಮ,” ಎಂದವಳೇ ದುಡ್ಡಿಗಾಗಿ ಸೊಂಟದ ಎಲೆಅಡಿಕೆ ಚೀಲ ತಡಕುತ್ತಾ ಹೊರಗೆ ಹೊರಟಳು.

“ಎಲ್ಲಿಗವ್ವಾ?”

“ಅಂಗಡಿಗೆ. ಬಾಟ್ಲಿ ಜ್ಯೂಸ್ ತರ್ತೀನಿ. ನಿಮ್ಮಂಥೋರು ಬಂದ್ರ ಅದನ್ನೇ ಕೊಡಾದು.”

ವಾಣಿಶ್ರೀಯ ಕಣ್ಣು ತುಂಬಿತು. ತನ್ನ ಕೈ ಗೂಡಿಗೆ ಹೋದ ಹಾಗೆಯೇ ಈ ತಾಯಿಯ ಕಾಲು ಅಂಗಡಿಗೆ ಹೋಗುತ್ತಿತ್ತು.

“ಬ್ಯಾಡವ್ವ. ನೀವು ಕುಡಿಯೋ ನೀರೇ ಕೊಡ್ರಿ.”

ರಂಗವ್ವ ಅವಳನ್ನೇ ನೋಡಿದಳು. ಆಮೇಲೆ ಕೊಡದಿಂದ ನೀರು ಬಗ್ಗಿಸಿ ತಂದುಕೊಟ್ಟಳು. ಅಷ್ಟರಲ್ಲಿ ಒಳಕೋಣೆಯಿಂದ ಅಂಜನ್ ಬಂದು ಬಾಗಿಲಲ್ಲಿ ನಿಂತಿದ್ದ.

ಲೋಟ ತುಟಿಯವರೆಗೆ ಬಂತು. ಅಲ್ಲಿ ಕೈ ನಿಂತಿತು... ಒಂದೇ ಕ್ಷಣ. ಆಮೇಲೆ ಅವಳು ಪೂರ್ತಿ ಕುಡಿದಳು.

ಯಾರಿಗೂ ಗೊತ್ತಾಗಿರಲಿಲ್ಲ. ಸುಮ್ಮನಿದ್ದಿದ್ದರೆ ಅಲ್ಲಿಗೇ ಚೆಂದವಾಗಿ ಮುಗಿಯುತ್ತಿತ್ತು.

“ಅಂಜನ್, ಈಗ ಕುಡಿಯುವಾಗಲೂ ನನ್ನ ಕೈ ನಿಂತುಬಿಡ್ತು,” ಎಂದಳು. ಮುಖ ಎತ್ತಲಾಗಲಿಲ್ಲ. “ಮುಚ್ಚಿಡೋಕಾಗಲ್ಲ ನನಗೆ. ಅವತ್ತು ಪರೀಕ್ಷೆ ಅಂದೆನಲ್ಲ, ಅದು ಲೋಟಕ್ಕಿಂತ ಕೆಟ್ಟದ್ದು. ಹಂಗನ್ನಬಾರದಿತ್ತು. ಕ್ಷಮಿಸ್ರಿ ಅನ್ನೋಕೂ ನಾಚಿಕೆ ಆಗ್ತೈತೆ.”

ರಂಗವ್ವ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

“ಎಷ್ಟೋ ಜನರನ್ನ ಕೇಳೀನಿ,” ಎಂದ ಅಂಜನ್, ನಿಧಾನವಾಗಿ. “ಎಲ್ಲರೂ ಇಲ್ಲ ಅಂತಾರೆ. ಕೈ ನಿಂತುಬಿಡ್ತು ಅಂತ ಹೇಳಿದೋರು ನೀವೊಬ್ರೇ.”

“ನಿಮ್ಮ ಸಂಶೋಧನೆಗೆ ಸೇರಿಸ್ರಿ ಹಂಗಾದ್ರೆ.”

“ಇಲ್ಲ. ನಿಮ್ಮ ಉತ್ತರ ಅವತ್ತೇ ತೆಗೆದುಹಾಕೀನಿ.”

“ಯಾಕ?”

ಅವನು ಗೋಡೆಗೆ ಒರಗಿದ. “ಇಂಥ ಲೋಟ ಭಾಳ ಮನೇಲಿ ನೋಡೀನಿ, ವಾಣಿ. ಸಿಟ್ಟು ಬರ್ತಿತ್ತು, ಎದ್ದು ಬರ್ತಿದ್ದೆ. ನಿಮ್ಮ ಮನೇಲಿ ಸಿಟ್ಟು ಬರಲಿಲ್ಲ. ಅಳು ಬಂತು. ನಾ ಪ್ರೀತಿ ಮಾಡಿದೋರ ಉತ್ತರ ನನಗ ಲೆಕ್ಕ ಹಾಕೋಕೆ ಬರಲ್ಲ.”

ಅವಳು ಅತ್ತುಬಿಟ್ಟಳು. ಅವನು ತಡೆಯಲಿಲ್ಲ, ಹೋಗಲಿ ಬಿಡಿ ಎಂದೂ ಹೇಳಲಿಲ್ಲ. ಪಕ್ಕಕ್ಕೆ ಬಂದು ಕುಳಿತ.

“ಆ ಪ್ರಶ್ನೆ ಇನ್ನೊಮ್ಮೆ ಕೇಳ್ರಿ,” ಎಂದಳು.

“ನೀವು ಜಾತಿ ನಂಬ್ತೀರೇನ್ರಿ?”

ಈ ಸಲ ಅವಳು ಬೇಗ ಹೇಳಲಿಲ್ಲ.

“ಬಾಯಿ ಇಲ್ಲ ಅಂತೈತೆ. ಕೈ ಇನ್ನೂ ಕಲೀಬೇಕು.”

“ಎಲ್ಲಿ, ಕೊಡ್ರಿ ನೋಡೋಣ,” ಎಂದು ಅಂಜನ್ ಅಂಗೈ ಚಾಚಿದ.

ಅವಳ ಕೈ ನಿಲ್ಲಲಿಲ್ಲ.