ಬೇಸ್‌ಮೆಂಟ್ ಬಾಗಿಲ ಪಕ್ಕದ ಶೂ

"ಅಪ್ಪ, ಲೆಫ್ಟ್ ಅಂದೆ. ನೀನು ಮತ್ತೆ ಸ್ಟ್ರೇಟ್ ಹೋದೆ."

ತೊಡೆಯ ಮೇಲೆ ಮ್ಯಾಪ್ ಹರಡಿಕೊಂಡು ಕೂತಿದ್ದ ಸುರಭಿಗೆ ಸಿಟ್ಟು ಬಂದಿತ್ತು. ಅಮೆರಿಕದ ಗೈದರ್ಸ್‌ಬರ್ಗ್ ಊರಿನ ಒಂದು ಚರ್ಚಿನ ಮುಂದೆ ಕಾರು ಎರಡನೇ ಸಲ ಹಾದುಹೋಗಿತ್ತು. ಅಷ್ಟೆತ್ತರದ ಬಿಳಿ ಗೋಪುರ ಕಣ್ಣೆದುರಿಗೇ ಇದೆ, ಅಪ್ಪನಿಗೆ ಮಾತ್ರ ಕಾಣುತ್ತಿಲ್ಲ.

ಹೋದ ಶನಿವಾರವೂ, ಅದರ ಹಿಂದಿನ ಶನಿವಾರವೂ ಅಪ್ಪ "ಜಾಗ ಸಿಗ್ಲಿಲ್ಲ" ಎಂದು ವಾಪಸ್ ಬಂದಿದ್ದ. ಅದಕ್ಕೇ ಇವತ್ತು ಅಮ್ಮ ಡ್ಯೂಟಿಗೆ ಹೊರಡುವ ಮುಂಚೆ ಮ್ಯಾಪನ್ನು ಸುರಭಿಯ ಕೈಗೆ ಕೊಟ್ಟಿದ್ದಳು.

"ನೀನೇ ದಾರಿ ತೋರ್ಸು. ಇವತ್ತೂ ಮೀಟಿಂಗ್‌ಗೆ ಹೋಗ್ಲಿಲ್ಲ ಅಂದ್ರೆ ನಾವಿಬ್ರೂ ಅಟ್ಲಾಂಟಾಗೆ, ದೊಡ್ಡಮ್ಮನ ಮನೆಗೆ ಹೋಗ್ಬಿಡೋಣ."

ಅದು ತಮಾಷೆಯ ಮಾತಾಗಿರಲಿಲ್ಲ.

ಅದು ಕುಡಿತ ಬಿಡಬೇಕು ಅನ್ನುವವರೆಲ್ಲ ಸೇರುವ ಮೀಟಿಂಗ್. ಅಪ್ಪ ಲ್ಯಾಬಿನಲ್ಲಿ ದೊಡ್ಡ ವಿಜ್ಞಾನಿ. ಮನೆಗೆ ಬಂದು ಗ್ಲಾಸು ಹಿಡಿದರೆ ಮಾತ್ರ ಮುಗಿಯಿತು. ಒಮ್ಮೆ ಸುರಭಿಯನ್ನು ಸ್ವಿಮ್ಮಿಂಗ್ ಕ್ಲಾಸಿನಿಂದ ಕರೆತರುವುದನ್ನೇ ಮರೆತು ಸೋಫಾದ ಮೇಲೆ ನಿದ್ದೆ ಹೋಗಿದ್ದ. ಒದ್ದೆ ಕೂದಲಲ್ಲಿ ಕಾಯುತ್ತ ನಿಂತದ್ದು ಅವಳಿಗೆ ಇನ್ನೂ ನೆನಪಿದೆ. ಬಿಡುತ್ತೇನೆ ಎಂದು ಅಪ್ಪ ಎಷ್ಟೋ ಸಲ ಹೇಳಿದ್ದ. ಒಬ್ಬನಿಂದಲೇ ಅದು ಆಗಿರಲಿಲ್ಲ.

ಸುರಭಿಗೆ ಅಟ್ಲಾಂಟಾ ಬೇಡ. ಅಪ್ಪ ಬೇಕು.

"ಅಪ್ಪ, ಇದು ನಮ್ ದೀಪಾವಳಿ ಹಾಲ್ ಅಲ್ವಾ? ಯು ನೋ ದಿಸ್ ಪ್ಲೇಸ್."

ಅಪ್ಪ ಕಾರು ತಿರುಗಿಸಿ ಪಾರ್ಕಿಂಗ್ ಲಾಟಿಗೆ ತಂದ. ಹೌದು, ಅದೇ ಚರ್ಚು. ಅದರ ಬೇಸ್‌ಮೆಂಟನ್ನೇ ಬಾಡಿಗೆಗೆ ಹಿಡಿದು ಕನ್ನಡ ಸಂಘದವರು ಹಬ್ಬ ಮಾಡುತ್ತಿದ್ದರು. ಕಳೆದ ದೀಪಾವಳಿಯಲ್ಲಿ ಬಿಸಿಬೇಳೆಭಾತಿನ ಪಾತ್ರೆ ಹೊತ್ತು ಅದೇ ಮೆಟ್ಟಿಲು ಇಳಿದವನು ಅಪ್ಪನೇ.

"ಗೊತ್ತು ಪುಟ್ಟಿ. ಗೊತ್ತಿರೋ ಜಾಗ ಅಂತಾನೇ ಕಷ್ಟ. ನಮ್ಮೋರು ಯಾರಾದ್ರೂ ನೋಡಿದ್ರೆ?"

"ಇವತ್ತು ಹಬ್ಬ ಇಲ್ವಲ್ಲ. ನಮ್ಮೋರು ಯಾಕೆ ಬರ್ತಾರೆ?"

ಅಪ್ಪ ಎಂಜಿನ್ ಆಫ್ ಮಾಡಿದ. ಇಬ್ಬರೂ ಬೇಸ್‌ಮೆಂಟಿಗೆ ಇಳಿದರು. ಹಾಲಿನ ಬಾಗಿಲ ಹತ್ತಿರ ಬಂದ ಅಪ್ಪ ಗಕ್ಕನೆ ನಿಂತ.

ಗೋಡೆಗೆ ಒತ್ತಿದಂತೆ ಒಂದು ಜೊತೆ ಕಂದು ಶೂ ಇತ್ತು. ಅದರೊಳಗೆ ಸಾಕ್ಸ್ ತುರುಕಿತ್ತು.

ಈ ಊರಿನವರು ಚರ್ಚಿನೊಳಗೆ ಶೂ ಬಿಚ್ಚುವುದಿಲ್ಲ. ಒಳಗೆ ಪೂಜೆ ಇದೆ ಎಂದು ಇದೇ ಬಾಗಿಲ ಬಳಿ ಶೂ, ಚಪ್ಪಲಿ ರಾಶಿ ಹಾಕುವವರು ಸಂಘದವರು ಮಾತ್ರ. ಪಾಪ, ಅವರಲ್ಲೇ ಯಾರೋ ಒಬ್ಬರು ಗಾಬರಿಯಲ್ಲಿ ಇವತ್ತೂ ಬಿಚ್ಚಿಟ್ಟು ಹೋಗಿದ್ದಾರೆ.

"ನಮ್ಮೋರು ಇದಾರೆ," ಅಪ್ಪ ಪಿಸುಗುಟ್ಟಿದ. ಅವನ ಮುಖ ಬಿಳುಚಿಕೊಂಡಿತ್ತು. "ನಡಿ, ಹೋಗೋಣ."

ಆಗಲೇ ಅವನು ಎರಡು ಮೆಟ್ಟಿಲು ಹತ್ತಿದ್ದ. ಸುರಭಿಗೆ ಅಳು ಬಂತು. ಅವಳು ಮತ್ತೆ ಆ ಶೂಗಳನ್ನು ನೋಡಿದಳು. ಅವಸರದಲ್ಲಿ ಎಳೆದು ಲೇಸು ಗಂಟು ಬಿದ್ದಿತ್ತು.

"ಅಪ್ಪ, ಒಳಗೆ ಈಗ ಈ ಮೀಟಿಂಗ್ ಒಂದೇ ತಾನೆ ಇರೋದು?"

"ಹೂಂ."

"ಹಾಗಾದ್ರೆ ಅವ್ರಿಗೂ ನಿನ್ ಥರಾನೇ ಪ್ರಾಬ್ಲಮ್ ಇದೆ. ಅವ್ರಿಗೂ ಭಯ ಆಗಿರತ್ತೆ. ಬಟ್ ಒಳಗೆ ಹೋಗಿದಾರೆ."

ಅಪ್ಪ ಮೆಟ್ಟಿಲ ಮೇಲೆ ನಿಂತೇ ಇದ್ದ. ಆಮೇಲೆ ನಿಧಾನವಾಗಿ ಇಳಿದು ಬಂದ. ಬಗ್ಗಿ ತನ್ನ ಶೂ ಬಿಚ್ಚಿ, ಸಾಕ್ಸನ್ನೂ ತೆಗೆದು, ಆ ಶೂಗಳ ಪಕ್ಕದಲ್ಲೇ ಇಟ್ಟ.

"ಬಿಚ್ಚಬೇಕಾಗಿಲ್ಲ ಅಪ್ಪ."

"ಇರ್ಲಿ ಬಿಡು. ಅವ್ರೊಬ್ರೇ ಬರಿಗಾಲಲ್ಲಿ ಕೂತಿರ್ತಾರೆ."

ಬಾಗಿಲು ತೆರೆದು ಅಪ್ಪ ಒಳಗೆ ಹೋದ. ಸುರಭಿ ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಒಳಗೆ ಎಲ್ಲರಿಗೂ ಕಾಫಿ ಕೊಡುತ್ತಿದ್ದ ಡೋರೀನ್ ಎಂಬ ಅಜ್ಜಿ ಅವಳಿಗೂ ಒಂದು ಕುಕಿ ತಂದುಕೊಟ್ಟಳು. ಇಲ್ಲಿಗೆ ಯಾರು ಬರುತ್ತಾರೆ ಅನ್ನುವುದನ್ನು ನಾವು ಹೊರಗೆ ಹೇಳುವುದಿಲ್ಲ ಕಂದ, ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದಳು. ಸುರಭಿ ತಲೆಯಾಡಿಸಿದಳು.

ತಲೆಯಾಡಿಸುವುದೇನೋ ಸುಲಭ. ಆದರೆ ಆ ಶೂ ಯಾರದ್ದು? ಎಲ್ಲರನ್ನೂ ನಗಿಸುವ ಶೇಷಾದ್ರಿ ಅಂಕಲ್‌ದಾ? ಭಾನುವಾರ ಕನ್ನಡ ಕಲಿಸುವ ಮಹಾಂತಪ್ಪ ಅಂಕಲ್‌ದಾ? ಗೊತ್ತಾಗದೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೇಳಬಾರದು ಸರಿ, ನೋಡಿದರೇನು?

ಒಳಗೆ ಕುರ್ಚಿಗಳು ಸರಿದ ಸದ್ದಾಯಿತು. ಬಾಗಿಲು ತೆರೆದುಕೊಂಡಿತು. ಎಲ್ಲರಿಗಿಂತ ಮೊದಲು ಹೊರಬಂದದ್ದು ಬರಿಗಾಲಿನ ಹೆಜ್ಜೆ. ಅದು ಅಪ್ಪನ ನಡಿಗೆಯಲ್ಲ. ಸ್ವಲ್ಪ ಕತ್ತು ತಿರುಗಿಸಿದರೆ ಸಾಕಿತ್ತು.

ಸುರಭಿಗೆ ಮೆಟ್ಟಿಲ ಮೇಲೆ ನಿಂತಿದ್ದ ಅಪ್ಪನ ಮುಖ ನೆನಪಾಯಿತು. ಅವಳು ಗೋಡೆಯ ಕಡೆ ತಿರುಗಿ ಕೂತಳು. ಅಲ್ಲಿ ಯಾವುದೋ ಮಗು ಬರೆದ ಮೊಲದ ಚಿತ್ರವಿತ್ತು. ಮೊಲದ ಒಂದು ಕಿವಿ ನೀಲಿ. ಬೆನ್ನ ಹಿಂದೆ ಯಾರೋ ಲೇಸಿನ ಗಂಟು ಬಿಡಿಸುತ್ತಿದ್ದರು. ಅದು ಬೇಗ ಬಿಚ್ಚಿಕೊಳ್ಳಲಿಲ್ಲ. ಸುರಭಿ ನೀಲಿ ಕಿವಿಯನ್ನೇ ನೋಡುತ್ತಿದ್ದಳು. ಕೊನೆಗೆ ಹೆಜ್ಜೆ ಸಪ್ಪಳ ಮೆಟ್ಟಿಲು ಹತ್ತಿ ಹೋಯಿತು.

ಆಮೇಲೆ ಅಪ್ಪ ಬಂದ. ಕಣ್ಣು ಕೆಂಪಗಿತ್ತು, ಮುಖ ಮಾತ್ರ ಹಗುರಾಗಿತ್ತು.

"ಮತ್ತೆ ಬನ್ನಿ ಅಂದ್ರು. ಬರ್ತೀನಿ ಅಂದೆ." ಅಪ್ಪ ತನ್ನ ಶೂಗಳ ಪಕ್ಕದ ಖಾಲಿ ಜಾಗ ನೋಡಿದ. "ಯಾರು ಅಂತ ನೋಡಿದ್ಯಾ?"

"ಇಲ್ಲ. ನಾನು ಮೊಲ ನೋಡ್ತಿದ್ದೆ."

ಅಪ್ಪ ಅವಳ ಪಕ್ಕದಲ್ಲಿ ಕೂತ. ಇಬ್ಬರೂ ಸ್ವಲ್ಪ ಹೊತ್ತು ಆ ಮೊಲವನ್ನೇ ನೋಡಿದರು.