ಸತ್ತ ಮೇಲೆ ಮಾರಿದ ದನಿ

ಅಮಾಗಸಾಕಿ ಠಾಣೆಗೆ ದೂರು ಬಂದದ್ದು ಮಾರ್ಚ್ ಹನ್ನೆರಡರ ಬೆಳಿಗ್ಗೆ. ದೂರುದಾರ ತೊಕುಹಿರಾ, ಸಣ್ಣದೊಂದು ರೆಕಾರ್ಡ್ ಕಂಪನಿಯ ಮ್ಯಾನೇಜರ್. ಅವನ ಗೋದಾಮಿಗೆ ಯಾರೋ ನುಗ್ಗಿ, ‘ತೆತ್ಸುಕುಜು’ ಎಂಬ ರಾಕ್ ತಂಡದ ಹೊಸ ಸಿ.ಡಿ.ಗಳ ಮೇಲೆ ಟಾರು ಸುರಿದು ಹೋಗಿದ್ದರು.

“ಆ ತಂಡದ ಹಾಡುಗಾರ ಉಕಾಯ್ ಸತ್ತು ನಲವತ್ತೊಂಬತ್ತನೇ ದಿನದ ಪೂಜೇನೂ ಆಗಿಲ್ಲ. ಆಗ್ಲೇ ಹೊಸ ಸಿ.ಡಿ.ನಾ?” ಇನ್ಸ್‌ಪೆಕ್ಟರ್ ಹಮಾಗುಚಿ ಕೇಳಿದರು.

“ಜನ ಮರೆಯೋಕೆ ಮುಂಚೆ ಮಾರ್ಬೇಕು ಸಾರ್. ಬದುಕಿದ್ದಾಗ ಪುಕ್ಕಟೆ ಕೊಟ್ರೂ ಮುಟ್ಟೋರಿರ್ಲಿಲ್ಲ. ಈಗ ಅಂಗಡಿಯೋರು ಫೋನ್ ಮೇಲೆ ಫೋನ್ ಮಾಡ್ತಿದಾರೆ!”

ಸಾವನ್ನು ತಾನೇ ಮುಂದೆ ನಿಂತು ಏರ್ಪಾಡು ಮಾಡಿದವನ ಹಾಗಿತ್ತು ಅವನ ಜಂಬ. ಹಮಾಗುಚಿಗೆ ಮೈಯೆಲ್ಲ ಉರಿಯಿತು. ಆದರೆ ದೂರು ದೂರೇ. ಪ್ರಕರಣ ದಾಖಲಿಸಿಕೊಂಡು, ಕಾನ್ಸ್‌ಟೇಬಲ್ ನಿಶಿವಾಕಿ, ತೊಕುಹಿರಾ ಇಬ್ಬರನ್ನೂ ಕರೆದುಕೊಂಡು ಮಹಜರಿಗೆ ಹೊರಟರು.

ಗೋದಾಮು ಎಂದರೆ ಹಳೇ ಮನೆಯೊಂದರ ಮಹಡಿ. ನೆಲಕ್ಕೆ ಚಾಪೆ ಹಾಸಿತ್ತು. ಚಾಪೆಯ ಮೇಲೆ ಟಾರು, ಟಾರಿನಲ್ಲಿ ಒಂದೇ ಒಂದು ಹೆಜ್ಜೆ ಗುರುತು. ಶೂ ಗುರುತಲ್ಲ, ಕಾಲುಚೀಲದ್ದು.

ನಿಶಿವಾಕಿ ನಕ್ಕ. “ಎಂಥ ಮರ್ಯಾದಸ್ಥ ಸಾರ್! ಬೀಗ ಒಡೆದಿದಾನೆ, ಆದ್ರೆ ಶೂ ಮಾತ್ರ ಬಾಗಿಲಲ್ಲೇ ಬಿಟ್ಟು ಬಂದಿದಾನೆ.”

“ಚಾಪೆ ಮೇಲೆ ಶೂ ಹಾಕ್ಕೊಂಡು ನಡಿ ಅಂದ್ರೆ ನಿನ್ ಕೈಲಾಗುತ್ತಾ?”

“ಅಮ್ಮ ಕಾಲು ಮುರೀತಾಳೆ ಸಾರ್.”

ಗುರುತಿನಲ್ಲಿ ಹೆಬ್ಬೆರಳು ಬೇರೆ, ಉಳಿದ ಬೆರಳು ಬೇರೆ. ಕಟ್ಟಡಗಳಿಗೆ ಸಾರುವೆ ಕಟ್ಟುವವರು ಹಾಕುವ ಕಾಲುಚೀಲ ಅದು. ಡಿಸ್ಕುಗಳೆಲ್ಲ ಟಾರಿನಲ್ಲಿ ಮುಳುಗಿದ್ದವು. ಸಿ.ಡಿ. ಡಬ್ಬಿಗಳ ಮೇಲಿನ ಚಿತ್ರಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ಮೂಲೆಯಲ್ಲಿ ಓರಣವಾಗಿ ಇಡಲಾಗಿತ್ತು. ಚಿತ್ರದಲ್ಲಿ ಕಪ್ಪು ಚೌಕಟ್ಟಿನೊಳಗೆ ಉಕಾಯ್ ಮುಖ.

“ಈ ಫೋಟೊ ಎಲ್ಲಿ ಸಿಕ್ತು?” ಹಮಾಗುಚಿ ಕೇಳಿದರು.

“ಅಂತ್ಯಕ್ರಿಯೆಲಿ ಇಟ್ಟಿದ್ರಲ್ಲ, ಊದುಬತ್ತಿ ಹಚ್ಚೋವಾಗ ಮೊಬೈಲಲ್ಲಿ ತೆಗ್ದೆ. ಚೆನ್ನಾಗಿ ಬಂದಿದೆ ಅಲ್ವಾ ಸಾರ್?” ಎಂದ ತೊಕುಹಿರಾ.

ಹಮಾಗುಚಿ ಮತ್ತೆ ಆ ಚಿತ್ರಗಳತ್ತ ಬಗ್ಗಿದರು. ಬಾಯಿ ತೆರೆದಿದ್ದರೆ ಕೆಲಸಕ್ಕೇ ಕುತ್ತು ಬರುತ್ತಿತ್ತು. ಸತ್ತವನ ಮುಖಕ್ಕೆ ಟಾರು ತಾಗಬಾರದು ಎಂದುಕೊಂಡವನು ಶತ್ರುವಂತೂ ಅಲ್ಲ. ತಂಡದವರನ್ನು ವಿಚಾರಿಸಿದಾಗ ಒಬ್ಬನ ಸುಳಿವು ಸಿಕ್ಕಿತು. ಡ್ರಮ್ ಬಾರಿಸುತ್ತಿದ್ದ ಶಿಗೆಮಿತ್ಸು. ಸಂಗೀತದಿಂದ ಹೊಟ್ಟೆ ತುಂಬದೆ ಹಗಲಿಡೀ ಸಾರುವೆ ಕಟ್ಟುತ್ತಿದ್ದ.

ಮಾರನೆಯ ದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ ಸಿಕ್ಕ. ಉಗುರಿನ ಸಂದಿಯಲ್ಲಿ ಇನ್ನೂ ಟಾರು ಇತ್ತು.

“ನೀನೇನಾ?”

“ನಾನೇ ಸಾರ್.”

“ಯಾಕೆ?”

“ಆ ಸಿ.ಡಿ. ಕೇಳಿದೀರಾ? ಉಕಾಯ್ ಕಾಯಿಲೆ ಬಿದ್ದಾಗ ರೆಕಾರ್ಡ್ ಮಾಡಿದ್ದು. ಅವನು ಹಾಡ್ತಿಲ್ಲ, ಉಸಿರಿಗೆ ಒದ್ದಾಡ್ತಿದಾನೆ. ಕೆಮ್ಮು ಕೂಡ ತೆಗೆದಿಲ್ಲ ಆ ನಾಯಿಗಳು. ‘ಅಳಿಸ್ಬಿಡೋ, ಯಾರೂ ಕೇಳೋದು ಬೇಡ’ ಅಂತ ಆಸ್ಪತ್ರೇಲಿ ನನ್ ಕೈ ಹಿಡ್ಕೊಂಡು ಹೇಳ್ದ. ತೊಕುಹಿರಾ ಕಾಲಿಗೂ ಬಿದ್ದೆ. ಕೆಮ್ಮಿದ್ರೇನೇ ಜನ ಅಳೋದು, ಅತ್ರೇನೇ ಕೊಳ್ಳೋದು ಅಂದ.”

ಬಂಧನವಾಯಿತು. ಸಂಜೆಯ ಸುದ್ದಿಯಲ್ಲಿ ಬಂತು. ಮರುದಿನ ತೊಕುಹಿರಾ ಮಿಠಾಯಿ ಡಬ್ಬಿ ಹಿಡಿದುಕೊಂಡು ಠಾಣೆಗೆ ಹಾಜರಾದ.

“ಸುದ್ದಿ ಬಂದಿದ್ದೇ ಬಂದಿದ್ದು, ಆರ್ಡರು ಸುರೀತಿದೆ ಸಾರ್. ಹೊಸದಾಗಿ ಅಚ್ಚು ಹಾಕಿಸ್ತಿದೀವಿ. ಹಾಗೇ, ಆ ಟಾರು ಮೆತ್ತಿದ ಡಿಸ್ಕುಗಳು ವಾಪಸ್ ಸಿಗುತ್ತಾ? ಅವಕ್ಕೆ ಮೂರು ಪಟ್ಟು ಕೊಡ್ತೀವಿ ಅಂತಿದಾರೆ ಜನ.”

“ಅವು ಸಾಕ್ಷ್ಯ.”

“ಕೇಸು ಮುಗಿದ್ಮೇಲಾದ್ರೂ…”

“ನಿನ್ ಮಿಠಾಯಿ ತಗೊಂಡು ಎದ್ದೋಗಯ್ಯ!” ಹಮಾಗುಚಿ ಕೂಗಿದ್ದು ಠಾಣೆಗೆಲ್ಲ ಕೇಳಿಸಿತು. ನಿಶಿವಾಕಿ ಬಾಗಿಲು ತೆರೆದು ಹಿಡಿದ.

ಸಿಟ್ಟು ಇಳಿಯದೆಯೇ ಅವರು ಲಾಕಪ್ಪಿಗೆ ಹೋದರು. ಶಿಗೆಮಿತ್ಸು ಹಿಂದಿನ ದಿನದಿಂದ ಏನೂ ಮುಟ್ಟಿರಲಿಲ್ಲ. ಊಟದ ಡಬ್ಬಿ ಮುಚ್ಚಿದ ಹಾಗೇ ಇತ್ತು.

“ಎಷ್ಟು ವರ್ಷ ಹಾಕಿದ್ರೂ ಪರ್ವಾಗಿಲ್ಲ ಸಾರ್. ಒಂದೇ ಒಂದು ಹೇಳಿ. ಮಾರೋದು ನಿಂತಿದೆ ತಾನೇ?”

ಠಾಣೆಯಲ್ಲಿ ಯಾರಿಗೂ ಸುಳ್ಳು ಹೇಳಿ ಅಭ್ಯಾಸವಿಲ್ಲದ ಹಮಾಗುಚಿ ಕಂಬಿ ಹಿಡಿದು ನಿಂತರು.

“ನಿಂತಿದೆ ಕಣಯ್ಯ,” ಎಂದರು.

ಶಿಗೆಮಿತ್ಸು ತಲೆಬಾಗಿ ವಂದಿಸಿ, ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ತಿನ್ನತೊಡಗಿದ.